ಬಾಂದಾರ ಬಂದ್ ಆಗಿದೆ, ವರದಾ ದಾಟೋದು ಹೇಗೆ?

ಪ್ರಶ್ನೆ: ನಾವು ಹುಬ್ಬಳ್ಳಿಯ 14 ಜನ ಗೆಳೆಯರು. ಪ್ರತಿ ವರ್ಷ ಕನಕ ಜಯಂತಿ ಹೊತ್ತಿಗೆ ಕಾಗಿನೆಲೆಗೆ ನಡೆದು ಹೋಗುತ್ತೇವೆ. ಕುಂದಗೋಳ, ಶಿಶುನಾಳ, ಬಂಕಾಪುರ, ಬಾಡ ನೋಡಿಕೊಂಡು ಹೊಲದ ದಾರಿ ಹಿಡಿಯುತ್ತೇವೆ. ವರದಾ ನದಿಯ ಒಂದು ಹಳೇ ಬಾಂದಾರದ (ನೀರು ನಿಲ್ಲಿಸಲು ನದಿಗೆ ಅಡ್ಡ ಕಟ್ಟಿದ ಒಡ್ಡು) ಮೇಲೆ ದಾಟಿ ಆಚೆ ಹೋಗುವುದು ನಮ್ಮ ರೂಢಿ. ಈ ಮಳೆಗಾಲದಲ್ಲಿ ಆ ಬಾಂದಾರದ ಸ್ಲ್ಯಾಬ್ ಒಂದು ಕಡೆ ಕುಸಿದಿದೆ. ಎರಡೂ ತುದಿಗೆ ಮಣ್ಣು ಸುರಿದು, ಮುಳ್ಳು ಹಚ್ಚಿ ಬಂದ್ ಮಾಡಿದ್ದಾರೆ. ಮೊಬೈಲ್ ಮ್ಯಾಪ್ ಮಾತ್ರ ಇನ್ನೂ ಅದೇ ದಾರಿ ತೋರಿಸುತ್ತಿದೆ. ‘ನೀರು ಮೊಣಕಾಲು ಮಟ್ಟ ಇದ್ದರೆ ಇಳಿದು ದಾಟೋಣ’ ಅಂತ ಕೆಲವರು. ‘ಬಸ್ ಹತ್ತಿದರೆ ಅದು ನಡಿಗೆ ಹೇಗಾಗುತ್ತೆ’ ಅಂತ ಇನ್ನು ಕೆಲವರು. ನಮ್ಮಲ್ಲಿ ಇಬ್ಬರಿಗೆ ಅರವತ್ತು ದಾಟಿದೆ. ಬದಲಿ ದಾರಿ ಹುಡುಕುವುದು ಹೇಗೆ?

ಉತ್ತರ: ಮೊದಲು ನೇರ ಉತ್ತರ ಹೇಳಿಬಿಡುತ್ತೇನೆ. ಈ ವರ್ಷ ನೀರಿಗೆ ಇಳಿಯಬೇಡಿ. ಬಾಡದವರೆಗೆ ನಿಮ್ಮ ಹಳೇ ದಾರಿಯಲ್ಲೇ ಬನ್ನಿ. ಅಲ್ಲಿಂದ ಹೆದ್ದಾರಿ ಕಡೆ ಹೊರಳಿ. ವರದಾ ನದಿಯ ಹೆದ್ದಾರಿ ಸೇತುವೆ ದಾಟಿ, ಹಾವೇರಿಯಲ್ಲಿ ಒಂದು ರಾತ್ರಿ ಉಳಿದು, ಮಾರನೇ ದಿನ ಕಾಗಿನೆಲೆಗೆ ಹೋಗಿ. ಒಂದು ದಿನ ಜಾಸ್ತಿ ಆಗುತ್ತದೆ, ಆಗಲಿ. ಇದಕ್ಕಿಂತ ಚೆನ್ನಾದ ದಾರಿ ಸಿಕ್ಕರೂ ಸಿಗಬಹುದು. ಸಿಗದಿದ್ದರೆ ಇದು ಇದ್ದೇ ಇದೆ ಅಂತ ಇಟ್ಟುಕೊಂಡು ಹುಡುಕಲು ಶುರು ಮಾಡಿ.

ಹುಡುಕುವಾಗ ಹೆಚ್ಚಿನವರು ಒಂದು ಕಡೆ ಎಡವುತ್ತಾರೆ. ಬಂದ್ ಆದ ಸೇತುವೆಯ ಮುಂದೆ ನಿಂತು, ‘ಇಲ್ಲಿಂದ ಎಡಕ್ಕೋ ಬಲಕ್ಕೋ’ ಅಂತ ದಾರಿ ಹುಡುಕುತ್ತಾರೆ. ದಾರಿ ಹುಡುಕಬೇಡಿ, ದಾಟುವ ಜಾಗ ಹುಡುಕಿ. ನದಿಯ ಉದ್ದಕ್ಕೂ ನಿಜವಾಗಿ ದಾಟಬಹುದಾದ ಜಾಗಗಳು ಕೆಲವೇ ಇರುತ್ತವೆ. ಹೊಲದಲ್ಲಿ, ಊರಲ್ಲಿ ದಾರಿಗಳು ಬೇಕಾದಷ್ಟು. ದಾಟುವ ಜಾಗ ಗೊತ್ತಾದರೆ ಅಲ್ಲಿಗೆ ಹೋಗುವ ದಾರಿ ತಾನಾಗಿ ಗೊತ್ತಾಗುತ್ತದೆ. ಉಲ್ಟಾ ಮಾಡಿದರೆ ದಂಡೆ ಹಿಡಿದು ಮೂರು ತಾಸು ನಡೆದು, ಕಬ್ಬಿನ ಗದ್ದೆಯ ನಡುವೆ ನಿಲ್ಲುತ್ತೀರಿ.

ಈ ಮಾತು ಎಷ್ಟು ದೊಡ್ಡದು ಅನ್ನುವುದಕ್ಕೆ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಒಳ್ಳೆಯ ಉದಾಹರಣೆ. ಅರಿಜೋನಾ ರಾಜ್ಯವನ್ನು ಉದ್ದಕ್ಕೆ ದಾಟುವ ಕಾಲುದಾರಿ ಅಲ್ಲಿ ಕೊಲರಾಡೊ ನದಿಯನ್ನು ಒಂದು ತೂಗುಸೇತುವೆಯ ಮೇಲೆ ದಾಟುತ್ತದೆ. ಆ ಸೇತುವೆ ಕಟ್ಟಿದ್ದು 1928ರಲ್ಲಿ. ಹತ್ತಿರದಲ್ಲೇ ಇನ್ನೊಂದು ಕಾಲುಸೇತುವೆ ಇದೆ. ಆ ಕಣಿವೆಯ ತಳದಲ್ಲಿ ನಡೆದು ನದಿ ದಾಟಲು ಇರುವುದು ಅವೆರಡೇ. ಕಣಿವೆಯ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹಕ್ಕಿ ಹಾರಿದರೆ ಸುಮಾರು 16 ಕಿಲೋಮೀಟರ್. ಕಾರಿನಲ್ಲಿ ಸುತ್ತಿ ಬಂದರೆ ಸುಮಾರು 350 ಕಿಲೋಮೀಟರ್. ಅಲ್ಲಿ ಸುತ್ತಿನ ಉದ್ದ ಎಷ್ಟು ಅನ್ನುವುದನ್ನು ದಾರಿ ಹೇಳುವುದಿಲ್ಲ, ಮುಂದಿನ ಸೇತುವೆ ಎಲ್ಲಿದೆ ಅನ್ನುವುದು ಹೇಳುತ್ತದೆ. ನಮ್ಮ ವರದಾ ಅಷ್ಟು ಕ್ರೂರಿ ಅಲ್ಲ, ಪುಣ್ಯಕ್ಕೆ. ಆದರೆ ಲೆಕ್ಕ ಒಂದೇ.

ಈಗ ನಿಮ್ಮ ನದಿಗೆ ಬರೋಣ. ವರದಾ ಹುಟ್ಟುವುದು ಸಾಗರ ತಾಲ್ಲೂಕಿನ ಇಕ್ಕೇರಿ ಹತ್ತಿರದ ವರದಾಮೂಲದಲ್ಲಿ. ಬನವಾಸಿಯನ್ನು ಬಳಸಿಕೊಂಡು ಹಾನಗಲ್, ಹಾವೇರಿ ಕಡೆ ಬಂದು, ಗಳಗನಾಥದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ನಡುವೆ ಹಾನಗಲ್ ತಾಲ್ಲೂಕಿನ ಕೂಡಲದಲ್ಲಿ ಧರ್ಮಾ ನದಿ ಇದಕ್ಕೆ ಬಂದು ಕೂಡುತ್ತದೆ. ನಿಮಗೆ ಮುಖ್ಯವಾದದ್ದು ಈ ಕೂಡಲ. ‘ಮೇಲಕ್ಕೆ ಹೋದರೆ ನದಿ ಸಣ್ಣದು, ಸುಲಭವಾಗಿ ದಾಟಬಹುದು’ ಅನ್ನುವ ಮಾತು ಎಲ್ಲರೂ ಹೇಳುತ್ತಾರೆ. ಸುಳ್ಳಲ್ಲ. ಆದರೆ ಸಂಗಮಕ್ಕಿಂತ ಮೇಲೆ ಹೋದರೆ ಬಾಡದ ಕಡೆಯಿಂದ ಬರುವವರಿಗೆ ಧರ್ಮಾ ಬೇರೆ, ವರದಾ ಬೇರೆ. ಒಂದು ನದಿ ತಪ್ಪಿಸಲು ಹೋಗಿ ಎರಡು ನದಿಗೆ ಸೇತುವೆ ಹುಡುಕಬೇಕಾಗುತ್ತದೆ. ಹಾಗಾಗಿ ನಿಮ್ಮ ಬಾಂದಾರ ಕೂಡಲದ ಕೆಳಗಿದ್ದರೆ, ಬದಲಿ ಜಾಗವನ್ನೂ ಕೂಡಲದ ಕೆಳಗೇ ಹುಡುಕಿ.

ಕೆಳಗಡೆ ಹುಡುಕಲು ಇನ್ನೊಂದು ಕಾರಣ ಇದೆ. ಅದು ಬಾಂದಾರದ ಸ್ವಭಾವಕ್ಕೆ ಸಂಬಂಧಪಟ್ಟದ್ದು. ನಮ್ಮ ಕಡೆಯ ಬಾಂದಾರಗಳಲ್ಲಿ ಬಹಳಷ್ಟು ಕೊಲ್ಹಾಪುರ ಮಾದರಿಯವು. ನದಿಗೆ ಅಡ್ಡವಾಗಿ ಸಾಲು ಕಂಬ, ಕಂಬದ ಮೇಲೆ ಕಿರಿದಾದ ಸ್ಲ್ಯಾಬ್. ಮಳೆಗಾಲದಲ್ಲಿ ಕಂಬಗಳ ನಡುವೆ ನೀರು ಹಾಯಾಗಿ ಹೋಗುತ್ತದೆ. ಮಳೆ ನಿಂತ ಮೇಲೆ ಕಂಬಗಳ ನಡುವಿನ ಸಂದಿಗೆ ಹಲಗೆ ಇಳಿಸಿ ನೀರು ನಿಲ್ಲಿಸುತ್ತಾರೆ. ನೀವು ನಡೆಯುವ ನವೆಂಬರ್ ಅಂದರೆ ಹಲಗೆ ಹಾಕುವ, ಹಾಕಿ ಮುಗಿಸಿದ ಹೊತ್ತು. ಹಲಗೆ ಬಿದ್ದ ಮೇಲೆ ಬಾಂದಾರದ ಮೇಲ್ಗಡೆ ನದಿ ನದಿಯಾಗಿ ಇರುವುದಿಲ್ಲ, ಉದ್ದದ ಕೆರೆಯಾಗುತ್ತದೆ. ನೀರು ನಿಂತಿರುತ್ತದೆ, ಶಾಂತವಾಗಿ ಕಾಣುತ್ತದೆ, ಆಳ ಇರುತ್ತದೆ, ತಳದಲ್ಲಿ ಕೆಸರು. ಕುಸಿದ ಬಾಂದಾರಕ್ಕೆ ಈ ವರ್ಷ ಹಲಗೆ ಹಾಕಿರಲಿಕ್ಕಿಲ್ಲ ಅಂತ ನೀವು ಅನ್ನಬಹುದು. ಸರಿ, ಆದರೆ ಅದರ ಕೆಳಗಿನ ಬಾಂದಾರಕ್ಕೆ ಹಾಕಿದ್ದರೆ ಅದರ ಹಿನ್ನೀರು ನಿಮ್ಮ ಜಾಗದವರೆಗೂ ಬಂದು ನಿಂತಿರಬಹುದು. ‘ಈ ಸಲ ಹಲಗಿ ಹಾಕ್ಯಾರೇನ್ರಿ, ಎಲ್ಲಿ ಎಲ್ಲಿ ಹಾಕ್ಯಾರ?’ ಈ ಒಂದು ಪ್ರಶ್ನೆ ಊರಿನವರಿಗೆ ಕೇಳಿದರೆ ಅರ್ಧ ಮ್ಯಾಪ್ ಸಿಕ್ಕಂತೆ.

ಮೊಣಕಾಲು ಮಟ್ಟದ ನೀರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಗುಂಪಿನಲ್ಲಿ ಜಗಳ ಆಗುವುದು ಇದರ ಮೇಲೆಯೇ. ಆಳ ಒಂದೇ ಮುಖ್ಯ ಅಲ್ಲ, ಸೆಳವು ಮುಖ್ಯ. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಕಟ್ಟಿಗೆ ಚೂರು ನೀರಿಗೆ ಎಸೆದು, ದಂಡೆಯ ಮೇಲೆ ಅದರ ಜೊತೆ ನಡೆಯಿರಿ. ಅದು ನಿಮ್ಮನ್ನು ಹಿಂದೆ ಹಾಕಿದರೆ ಆ ನೀರಿಗೆ ಇಳಿಯುವ ಮಾತೇ ಬೇಡ, ಮೊಣಕಾಲಿಗಿಂತ ಕೆಳಗಿದ್ದರೂ. ತಳ ಕಾಣದಷ್ಟು ಕೆಂಪಾಗಿದ್ದರೂ ಬೇಡ.

ಬಾಂದಾರದ ಹತ್ತಿರ ಇದಕ್ಕಿಂತ ಕೆಟ್ಟ ಸಂಗತಿ ಇದೆ. ಮಳೆಗಾಲವಿಡೀ ನೀರು ಕಂಬಗಳ ನಡುವಿನಿಂದ ಧುಮುಕಿ, ಕೆಳಗಡೆ ತಳವನ್ನು ಕೊರೆದು ಮಡು ಮಾಡಿರುತ್ತದೆ. ಎರಡು ಹೆಜ್ಜೆ ಮೊಣಕಾಲು, ಮೂರನೇ ಹೆಜ್ಜೆ ಎದೆ ಮಟ್ಟ. ಸ್ಲ್ಯಾಬ್ ಕುಸಿದ ಕಡೆ ಕಾಂಕ್ರೀಟಿನ ತುಂಡು, ಹೊರಗೆ ಚಾಚಿದ ಕಬ್ಬಿಣದ ಸರಳು ಬೇರೆ. ಇನ್ನೂ ಸ್ವಲ್ಪ ಕೆಳಗೆ ಹೋದರೆ ಉಸುಕು ತೆಗೆದ ಗುಂಡಿಗಳು. ಮೇಲಿನಿಂದ ನೋಡಿದರೆ ನೀರು ಒಂದೇ ಸಮ ಕಾಣುತ್ತದೆ, ಗುಂಡಿ ಕಾಣುವುದಿಲ್ಲ. ಈಜು ಬಲ್ಲವರೂ ಇಂಥ ಕಡೆ ಮುಳುಗುತ್ತಾರೆ.

ಮತ್ತೊಂದು. ವರದಾ ಏರುವುದು ಹಾವೇರಿಯ ಮಳೆಗೆ ಮಾತ್ರ ಅಲ್ಲ. ಸಾಗರ, ಸೊರಬದ ಕಡೆ ಜೋರು ಮಳೆಯಾದರೆ ಹಾವೇರಿಯಲ್ಲಿ ಬಿಸಿಲಿದ್ದರೂ ಇಲ್ಲಿ ನೀರು ಏರುತ್ತದೆ. ನವೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವಾಗಿ ಎರಡು ಮೂರು ದಿನ ಹಿಡಿದು ಸುರಿಯುವುದು ಹೊಸದೇನಲ್ಲ. ನಿಮ್ಮ 14 ಜನರಲ್ಲಿ ಮೊದಲನೆಯವರು ದಾಟುವ ನೀರು, ಕೊನೆಯವರು ದಾಟುವಾಗ ಅಷ್ಟೇ ಇರುತ್ತದೆ ಅಂತ ಯಾರೂ ಗ್ಯಾರಂಟಿ ಕೊಡಲಾರರು.

ಮುಂದೆಂದೋ ಪಾದ ಮುಳುಗುವಷ್ಟು ನೀರಿನ ಹಳ್ಳವನ್ನು ದಾಟಲೇಬೇಕಾಗಿ ಬಂದರೆ ಇಷ್ಟು ನೆನಪಿಡಿ. ಬೂಟು ಬಿಚ್ಚಬೇಡಿ, ಬರಿಗಾಲು ಪಾಚಿಯ ಮೇಲೆ ನಿಲ್ಲುವುದಿಲ್ಲ. ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿಡಿ, ಬಿದ್ದರೆ ಚೀಲ ಕಳಚಿಕೊಳ್ಳಬೇಕು. ಕೈಯಲ್ಲಿ ಕೋಲು ಇರಲಿ. ಒಬ್ಬರ ತೋಳಿಗೆ ಒಬ್ಬರು ತೋಳು ಹಾಕಿ, ಗಟ್ಟಿಮುಟ್ಟಾದವರು ಹರಿವು ಬರುವ ಕಡೆ ನಿಂತು, ಸ್ವಲ್ಪ ಕೆಳಮುಖವಾಗಿ ಓರೆಯಾಗಿ ದಾಟಿ. ಹಗ್ಗವನ್ನು ಸೊಂಟಕ್ಕೆ ಕಟ್ಟಿಕೊಳ್ಳಬೇಡಿ. ಸಿನಿಮಾದಲ್ಲಿ ಚೆಂದ ಕಾಣುತ್ತದೆ, ನದಿಯಲ್ಲಿ ಅದೇ ಹಗ್ಗ ಬಿದ್ದವರನ್ನು ನೀರೊಳಗೆ ಹಿಡಿದಿಡುತ್ತದೆ.

ಇನ್ನು ಯಾರನ್ನು ಕೇಳಬೇಕು? ಮೊದಲು ಆ ಬಾಂದಾರ ಯಾರ ಕೈಯಲ್ಲಿದೆ ನೋಡಿ. ಬಾಂದಾರ ಆದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆ. ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆಯ ಸೇತುವೆ ಆದರೆ ಲೋಕೋಪಯೋಗಿ. ಹಳ್ಳಿ ರಸ್ತೆ ಆದರೆ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗ. ಅಲ್ಲಿ ಕೇಳಬೇಕಾದ್ದು ‘ಯಾವಾಗ ರಿಪೇರಿ’ ಅಂತಲ್ಲ, ಅದಕ್ಕೆ ಖಚಿತ ಉತ್ತರ ಸಿಗುವುದು ಅಪರೂಪ. ಬಂದ್ ಮಾಡಿದ್ದು ಗಾಡಿಗೆ ಮಾತ್ರವೋ, ನಡೆಯುವವರಿಗೂ ಹೌದೋ ಅಂತ ಕೇಳಿ. ಎಷ್ಟೋ ಕಡೆ ಟ್ರ್ಯಾಕ್ಟರ್ ತಡೆಯಲು ಮಣ್ಣು ಸುರಿದಿರುತ್ತಾರೆ, ಜನ ಪಕ್ಕದಲ್ಲಿ ಓಡಾಡುತ್ತಲೇ ಇರುತ್ತಾರೆ. ನಿಮ್ಮದರಲ್ಲಿ ಸ್ಲ್ಯಾಬೇ ಕುಸಿದಿದೆ, ಮುಳ್ಳು ಬೇರೆ ಹಚ್ಚಿದ್ದಾರೆ. ಅದು ನಡೆಯುವವರಿಗೂ ಬಂದ್ ಅಂತಲೇ ತಿಳಿಯಿರಿ. ‘ನಮ್ಮೂರ ಹುಡುಗರು ಹಾರಿ ಹೋಗ್ತಾರ್ರಿ’ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಊರ ಹುಡುಗರು ಹಾರಲಿ. ಒಂದು ಕಂಬ ಕುಳಿತ ಮೇಲೆ ಪಕ್ಕದ ಸ್ಲ್ಯಾಬಿನ ಕೆಳಗೆ ಏನಾಗಿದೆ ಅನ್ನುವುದು ಮೇಲೆ ನಿಂತವರಿಗೆ ಕಾಣುವುದಿಲ್ಲ.

ಕಚೇರಿಗಿಂತ ಒಳ್ಳೆಯ ಸುದ್ದಿ ಬಸ್ ಡಿಪೋದಲ್ಲಿ ಸಿಗುತ್ತದೆ. ಸೇತುವೆ ಬಂದ್ ಆದ ಮರುದಿನವೇ ವಾಯವ್ಯ ಸಾರಿಗೆಯ ಬಸ್ಸು ಬೇರೆ ದಾರಿ ಹಿಡಿಯಲೇಬೇಕು. ಆ ಭಾಗಕ್ಕೆ ಹೋಗುವ ಕಂಡಕ್ಟರ್‌ಗೆ ಯಾವ ಸೇತುವೆ ಗಟ್ಟಿ, ಯಾವುದು ಹೋಗಿದೆ ಅನ್ನುವುದು ಬಾಯಿಪಾಠ. ಆದರೆ ಬಸ್ಸು ಹೋಗುವ ಸೇತುವೆಗಳಷ್ಟೇ ಅವರಿಗೆ ಗೊತ್ತು. ಕಾಲಿನಲ್ಲಿ ದಾಟುವ ಜಾಗ ಬೇಕಾದರೆ ದಿನಾ ಹಾಲಿನ ಕ್ಯಾನ್ ಹೊತ್ತು ಆಚೆ ದಂಡೆಯ ಡೇರಿಗೆ ಹೋಗುವವರನ್ನು ಕೇಳಿ. ಆಚೆ ಊರಿನ ಹೈಸ್ಕೂಲಿಗೆ ಹೋಗುವ ಮಕ್ಕಳನ್ನು ಕೇಳಿ. ಕುರಿಗಾರರನ್ನು ಕೇಳಿ. ನೂರಾರು ಕುರಿ ದಾಟಿಸುವವರಿಗೆ ನದಿಯ ತಳ ಅಂಗೈ ಗೆರೆಯಷ್ಟು ಪರಿಚಯ. ಕೇಳುವಾಗ ‘ದಾಟಬಹುದಾ?’ ಅನ್ನಬೇಡಿ. ‘ಹೌದ್ರಿ, ಹೋಗ್ರಿ’ ಅನ್ನುತ್ತಾರೆ, ಅದು ಮರ್ಯಾದೆಯ ಉತ್ತರ. ‘ನೀವು ಹಿಂದಿನ ಸಲ ಯಾವಾಗ ದಾಟಿದ್ರಿ? ಎಲ್ಲಿ?’ ಅಂತ ಕೇಳಿ. ‘ಮೊನ್ನಿ ಸಂತಿಗೆ ಹೋದಾಗ’ ಅಂದರೆ ಅದು ಸುದ್ದಿ. ‘ನಮ್ಮ ಅಜ್ಜ ದಾಟ್ತಿದ್ದ’ ಅಂದರೆ ಅದು ಕಥೆ.

ಮ್ಯಾಪ್ ವಿಷಯ. ಮೊಬೈಲ್ ಮ್ಯಾಪ್ ಬಂದ್ ಆದ ಬಾಂದಾರವನ್ನು ಇನ್ನೂ ತೋರಿಸುವುದರಲ್ಲಿ ಆಶ್ಚರ್ಯ ಇಲ್ಲ. ಯಾರಾದರೂ ಹೇಳದೆ ಅದಕ್ಕೆ ತಿಳಿಯುವುದಿಲ್ಲ. ನೀವೇ ‘ರಸ್ತೆ ಬಂದ್’ ಅಂತ ವರದಿ ಮಾಡಿ, ಮುಂದಿನವರಿಗೆ ಉಪಕಾರ ಆಗುತ್ತದೆ. ನಡೆಯುವವರಿಗೆ ಇದಕ್ಕಿಂತ ಒಳ್ಳೆಯದು ಸರ್ವೆ ಆಫ್ ಇಂಡಿಯಾದ ನಕ್ಷೆಗಳು. 1:50,000 ಅಳತೆಯವು, ಅಂದರೆ ನಕ್ಷೆಯ 2 ಸೆಂಟಿಮೀಟರ್ ನೆಲದ ಮೇಲೆ 1 ಕಿಲೋಮೀಟರ್. 2017ರಿಂದ ಇವನ್ನು ಆನ್‌ಲೈನ್‌ನಲ್ಲಿ ಪುಕ್ಕಟೆ ಇಳಿಸಿಕೊಳ್ಳುವ ವ್ಯವಸ್ಥೆ ಇದೆ. ಇದರಲ್ಲಿ ಚಕ್ಕಡಿ ದಾರಿ, ಕಾಲುದಾರಿ, ನದಿ ದಾಟುವ ಹಳೇ ಜಾಗ ಎಲ್ಲ ಗುರುತು ಮಾಡಿರುತ್ತಾರೆ. ಮಾಹಿತಿ ಹಳೆಯದಿರಬಹುದು. ಆದರೆ ಹಳೇ ದಾಟುಜಾಗಗಳು ಸುಮ್ನೆ ಹುಟ್ಟಿದ್ದಲ್ಲ. ಅಲ್ಲಿ ದಂಡೆ ತಗ್ಗಿರುತ್ತದೆ, ತಳ ಗಟ್ಟಿ ಇರುತ್ತದೆ. ಆಮೇಲೆ ಬಾಂದಾರ, ಸೇತುವೆ ಕಟ್ಟುವವರು ಅಂಥ ಜಾಗದ ಆಸುಪಾಸಿನಲ್ಲೇ ಹುಡುಕುತ್ತಾರೆ.

ಹೊಲದ ದಾರಿಗೆ ನಮ್ಮ ರಾಜ್ಯದ ‘ದಿಶಾಂಕ್’ ಆ್ಯಪ್ ಇದೆ. ನೀವು ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಗ್ರಾಮ ನಕ್ಷೆಯನ್ನೂ ಜೊತೆಗಿಟ್ಟುಕೊಂಡರೆ ಯಾವುದು ಸರಕಾರಿ ಬಂಡಿದಾರಿ, ಯಾವುದು ಯಾರದೋ ಹೊಲದ ಬದು ಅನ್ನುವುದು ತಿಳಿಯುತ್ತದೆ. ಉಪಗ್ರಹದ ಚಿತ್ರವನ್ನೂ ನೋಡಿ, ಆದರೆ ಚಿತ್ರ ತೆಗೆದ ತಿಂಗಳು ನೋಡಿಕೊಂಡು ನಂಬಿ. ಬೇಸಿಗೆಯ ಚಿತ್ರದಲ್ಲಿ ನದಿಯ ತಳದ ಬಂಡೆಗಳೂ ಕಾಣುತ್ತವೆ, ಮಕ್ಕಳೂ ದಾಟಬಹುದು ಅನ್ನಿಸುತ್ತದೆ. ಅದೇ ಜಾಗ ನವೆಂಬರಿನಲ್ಲಿ ಹಿನ್ನೀರಿನ ಕೆಳಗೆ ಇರಬಹುದು.

ವರದಾ ಮುಟ್ಟುವ ಮೊದಲೇ ನಿಮಗೆ ಬೆಣ್ಣಿಹಳ್ಳದ ಕಾಟ ಇದೆ, ಅದನ್ನು ಮರೆಯಬೇಡಿ. ಶಿಗ್ಗಾವಿ ತಾಲ್ಲೂಕಿನ ದುಂಡಸಿ ಕಡೆ ಹುಟ್ಟಿ ಕುಂದಗೋಳ, ನವಲಗುಂದ ಹಾದು ಮಲಪ್ರಭೆಗೆ ಸೇರುವ ಹಳ್ಳ ಅದು. ಮೇಲೆ ಅಣೆಕಟ್ಟು ಇಲ್ಲ, ತಡೆಯುವವರಿಲ್ಲ. ಎರಿ ಮಣ್ಣಿನ ಬಯಲಿನ ನೀರೆಲ್ಲ ಒಮ್ಮೆಲೇ ಬರುತ್ತದೆ, ಒಮ್ಮೆಲೇ ಇಳಿಯುತ್ತದೆ. ನದಿಗೆ ಬದಲಿ ಸೇತುವೆ ಹುಡುಕಬೇಕು, ಇಂಥ ಹಳ್ಳಕ್ಕೆ ಬದಲಿ ಹೊತ್ತು ಹುಡುಕಿದರೆ ಸಾಕು. ದಂಡೆಯ ಮೇಲೆ ಕೂತು ಬುತ್ತಿ ಬಿಚ್ಚಿ, ಕಾಯಿರಿ. ಸಂಜೆವರೆಗೆ ಇಳಿಯದಿದ್ದರೆ ಹಿಂದಿನ ಊರಿಗೆ ಮರಳಿ.

ಬದಲಿ ದಾರಿ ಎಲ್ಲಿಂದ ಶುರುವಾಗಬೇಕು ಅನ್ನುವುದು ಮುಂದಿನ ಪ್ರಶ್ನೆ. ಬಂದ್ ಆದ ಸೇತುವೆಯಿಂದ ಅಲ್ಲ. ಹಿಂದಿನ ರಾತ್ರಿಯ ಮುಕ್ಕಾಮಿನಿಂದ. ಬಾಂದಾರದವರೆಗೆ ಹೋಗಿ, ನೋಡಿ, ಆಮೇಲೆ ಹೊರಳಿದರೆ ಹೋದದ್ದು ಬಂದದ್ದು ಎರಡೂ ದಂಡ. ಮನುಷ್ಯನಿಗೆ ಅಷ್ಟು ದೂರ ಬಂದಮೇಲೆ ‘ಬಂದದ್ದಾಯಿತು, ಇಳಿದೇ ಬಿಡೋಣ’ ಅನ್ನುವ ಹುಚ್ಚು ಧೈರ್ಯವೂ ಬರುತ್ತದೆ. ಸಂಜೆ ಆಗುತ್ತ ಬಂದಂತೆ ಆ ಧೈರ್ಯ ಜಾಸ್ತಿ. ನವೆಂಬರಿನಲ್ಲಿ ಆರು ಗಂಟೆ ಹೊತ್ತಿಗೆ ಕತ್ತಲು ಅನ್ನುವುದೂ ತಲೆಯಲ್ಲಿರಲಿ. ಅದಕ್ಕೇ ನಾನು ಬಾಡದಿಂದಲೇ ಹೊರಳಿ ಅಂದದ್ದು. ಕನಕದಾಸರು ಹುಟ್ಟಿದ ಊರು ಅದು, ನಿಮ್ಮ ನಡಿಗೆಗೆ ಅದು ತಪ್ಪಬಾರದು. ಅಲ್ಲಿಂದ ಮುಂದಿನ ಹೊಲದ ದಾರಿ ತಪ್ಪಿದರೆ ನಡೆಯುತ್ತದೆ.

ದೂರದ ಲೆಕ್ಕ ಹೀಗೆ ಹಾಕಿ. ಡಾಂಬರು ರಸ್ತೆಯಲ್ಲಿ ಗುಂಪು ತಾಸಿಗೆ 4 ಕಿಲೋಮೀಟರ್ ನಡೆಯುತ್ತದೆ ಅಂದುಕೊಳ್ಳಿ. ಒಣ ಹೊಲದ ದಾರಿಯಲ್ಲಿ 3. ಮಳೆ ಬಿದ್ದ ಎರಿ ಮಣ್ಣಿನಲ್ಲಿ 2 ಆದರೆ ದೊಡ್ಡದು, ಪ್ರತಿ ಬೂಟಿಗೆ ಅರ್ಧ ಹೊಲ ಅಂಟಿಕೊಂಡಿರುತ್ತದೆ. ಹಾಗಾಗಿ ನಕ್ಷೆಯ ಮೇಲೆ ಗಿಡ್ಡಗೆ ಕಾಣುವ ದಂಡೆಯ ದಾರಿಗಿಂತ ಉದ್ದ ಕಾಣುವ ರಸ್ತೆ ಎಷ್ಟೋ ಸಲ ಬೇಗ ಮುಟ್ಟಿಸುತ್ತದೆ. ವರದಾ ಬೇರೆ ಸುತ್ತಿ ಸುತ್ತಿ ಹರಿಯುವ ನದಿ, ದಂಡೆ ಹಿಡಿದರೆ ಪ್ರತಿ ಬಳುಕನ್ನೂ ನೀವೂ ಸುತ್ತಬೇಕು. ಬದಲಿ ದಾರಿಯಿಂದ ಆ ದಿನದ ನಡಿಗೆ 30 ಕಿಲೋಮೀಟರ್ ದಾಟಿದರೆ ಎರಡು ದಿನ ಮಾಡಿ. ‘ಒಂದು ದಿನ ಸ್ವಲ್ಪ ಜಾಸ್ತಿ ನಡೆದರಾಯಿತು’ ಅನ್ನುವವರ ಪಾದದಲ್ಲಿ ಮರುದಿನ ಬೊಬ್ಬೆ ಇರುತ್ತವೆ.

ಹೆದ್ದಾರಿ ಸೇತುವೆಯಲ್ಲಿ ನೀರಿನ ಭಯ ಇಲ್ಲ, ಗಾಡಿಗಳ ಭಯ ಇದೆ. ಪುಣೆ–ಬೆಂಗಳೂರು ಹೆದ್ದಾರಿಯ ಗಾಡಿಗಳ ವೇಗ ನಿಮಗೆ ಗೊತ್ತೇ ಇದೆ. ಸರ್ವಿಸ್ ರಸ್ತೆ ಇರುವಷ್ಟು ದೂರ ಅದರಲ್ಲೇ ನಡೆಯಿರಿ, ಸೇತುವೆಯ ಮೇಲೆ ಮಾತ್ರ ಮುಖ್ಯ ರಸ್ತೆಗೆ ಏರಿ. ಪೂರ್ತಿ ಬೆಳಕಾದ ಮೇಲೆ ದಾಟಿ. ಗಾಡಿಗಳು ಎದುರಿಗೆ ಬರುವ ಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರು. ಮುಂದಿನವರಿಗೂ ಕೊನೆಯವರಿಗೂ ಮಿಂಚುವ ಪಟ್ಟಿಯ ಜಾಕೆಟ್ ಹಾಕಿಸಿ. ಸೇತುವೆಯ ಮೇಲೆ ಫೋಟೋ ಬೇಡ, ಹಾಡು ಬೇಡ. ನವೆಂಬರ್ ಅಂದರೆ ಕಬ್ಬಿನ ಹಂಗಾಮು. ಎರಡು ಟ್ರೇಲರ್ ಕಟ್ಟಿಕೊಂಡು, ಹಿಂದೆ ಲೈಟೇ ಇಲ್ಲದ ಟ್ರ್ಯಾಕ್ಟರ್‌ಗಳು ನಸುಕಿನಲ್ಲಿ ರಸ್ತೆಗೆ ಇಳಿಯುತ್ತವೆ. ಕಾರಿನವರು ಅದನ್ನು ತಪ್ಪಿಸಲು ಒಮ್ಮೆಲೇ ಪಕ್ಕಕ್ಕೆ ಎಳೆಯುತ್ತಾರೆ, ಆ ಪಕ್ಕದಲ್ಲಿ ನೀವು ಇರಬಾರದು.

ಯಾರಾದರೂ ರೈಲು ಸೇತುವೆ ತೋರಿಸಬಹುದು. ಹುಬ್ಬಳ್ಳಿ–ಹಾವೇರಿ ಮಾರ್ಗವೂ ವರದಾ ದಾಟಿಯೇ ಹೋಗಬೇಕಲ್ಲ. ಅದನ್ನು ಲೆಕ್ಕಕ್ಕೇ ಹಿಡಿಯಬೇಡಿ. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನ ಪ್ರಕಾರ ಹಾಗೆ ನುಗ್ಗಿದರೆ 6 ತಿಂಗಳವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಜೈಲಿನ ಮಾತು ಬಿಡಿ. ಸೇತುವೆಯ ನಡುವೆ ಇರುವಾಗ ಗಾಡಿ ಬಂದರೆ 14 ಜನ ಎಲ್ಲಿಗೆ ಸರಿಯುತ್ತೀರಿ?

ತೆಪ್ಪ, ಹರಿಗೋಲಿನ ದಾರಿ ಇದೆಯಾ ಅಂತಲೂ ಕೇಳಬಹುದು. ಅಂಬಿಗರ ಚೌಡಯ್ಯನ ನಾಡು ನಮ್ಮದು. ತುಂಗಭದ್ರೆಯ ದಂಡೆಯ ಚೌಡಯ್ಯದಾನಪುರ ನಿಮ್ಮ ದಾರಿಯಿಂದ ಬಹಳ ದೂರ ಇಲ್ಲ. ನಿಂತ ನೀರಿನಲ್ಲಿ, ದಿನಾ ಜನ ದಾಟಿಸುವ ಅಂಬಿಗರು ಇದ್ದರೆ, ಲೈಫ್ ಜಾಕೆಟ್ ಇದ್ದರೆ, ಒಮ್ಮೆಗೆ ಅವರು ಹೇಳಿದಷ್ಟೇ ಜನ ಹತ್ತುವುದಾದರೆ ನನ್ನ ಅಡ್ಡಿ ಇಲ್ಲ. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಬೇಡ. ಮೀನು ಹಿಡಿಯುವವರ ತೆಪ್ಪಕ್ಕೆ ದುಡ್ಡು ಕೊಟ್ಟು ಹತ್ತಬೇಡಿ. ಅದು ಬಲೆ ಹೊರಲು ಮಾಡಿದ್ದು.

ಬಸ್ ಹತ್ತಿದರೆ ನಡಿಗೆ ಕೆಟ್ಟಿತು ಅನ್ನುವ ಗೆಳೆಯರಿಗೆ ಒಂದು ವಿಷಯ ಹೇಳಿ. ಅಮೆರಿಕದ ಅಪಲೇಚಿಯನ್ ಕಾಲುದಾರಿ ಸುಮಾರು 3,500 ಕಿಲೋಮೀಟರ್ ಉದ್ದ. ಮೇನ್ ರಾಜ್ಯದಲ್ಲಿ ಅದು ಕೆನೆಬೆಕ್ ನದಿಯನ್ನು ದಾಟುತ್ತದೆ. ಅಲ್ಲಿ ಸೇತುವೆ ಇಲ್ಲ. ಮೇಲಿನ ವಿದ್ಯುತ್ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ಇದ್ದಕ್ಕಿದ್ದಂತೆ ಏರುತ್ತದೆ. ಹಿಂದೆ ಇಳಿದು ದಾಟಲು ಹೋದವರೊಬ್ಬರು ಅಲ್ಲಿ ಸತ್ತಿದ್ದಾರೆ. ಅದಕ್ಕೇ ದೋಣಿ ಇಟ್ಟಿದ್ದಾರೆ, ಆ ದೋಣಿಯೇ ಅಧಿಕೃತ ದಾರಿ. ಉದ್ದಕ್ಕೂ ಮರಗಳ ಮೇಲೆ ಬಳಿಯುವ ಬಿಳಿ ಗುರುತನ್ನು ದೋಣಿಯ ಒಳಗೂ ಬಳಿದಿದ್ದಾರೆ. ಅದೇ ಕಾಲುದಾರಿಯಲ್ಲಿ, ಟೆನೆಸಿಯ ಅರ್ವಿನ್ ಊರಿನ ಹತ್ತಿರ, ನೊಲಿಚಕಿ ನದಿಯ ಸೇತುವೆ 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತದಲ್ಲಿ ಕೊಚ್ಚಿಹೋಯಿತು. ಮುಂದಿನ ವರ್ಷ ನಡೆಯುವವರನ್ನು ಅಲ್ಲೂ ದೋಣಿಯಲ್ಲಿ ದಾಟಿಸಿದರು. ಅವರ ನಡಿಗೆ ಮುರಿಯಿತು ಅಂತ ಯಾರೂ ಅನ್ನಲಿಲ್ಲ. ನೀವು ಸೇತುವೆಯ ಒಂದು ತುದಿಯ ಸ್ಟಾಪಿನಲ್ಲಿ ಬಸ್ ಹತ್ತಿ, ಇನ್ನೊಂದು ತುದಿಯ ಸ್ಟಾಪಿನಲ್ಲಿ ಇಳಿದರೆ ಅದೂ ಅಷ್ಟೇ. ಹರಕೆ ಹೊತ್ತವರಿಗೆ ಮನಸ್ಸು ಒಪ್ಪದಿದ್ದರೆ ನಡೆದೇ ದಾಟಲಿ. ಅದು ಅವರ ಮತ್ತು ಕಾಗಿನೆಲೆಯ ಆದಿಕೇಶವನ ನಡುವಿನ ಮಾತು.

ಬಾಂದಾರ ಮುಂದಿನ ವರ್ಷಕ್ಕೆ ಸರಿಯಾಗುತ್ತದೆ ಅಂತ ಕಾಯುವುದೂ ಬೇಡ. ಅಮೆರಿಕದ ಪಶ್ಚಿಮದ ಪೆಸಿಫಿಕ್ ಕ್ರೆಸ್ಟ್ ಕಾಲುದಾರಿಯಲ್ಲಿ ಸುಯಾಟಲ್ ನದಿಯ ಸೇತುವೆ 2003ರ ನೆರೆಗೆ ಹೋಯಿತು. ಹೊಸದು ಬಂದದ್ದು 2011ರಲ್ಲಿ. ಅದನ್ನೂ ಹಳೇ ಜಾಗದಲ್ಲಿ ಕಟ್ಟಲಿಲ್ಲ. ನದಿಯ ಕೆಳಗಡೆ ಗಟ್ಟಿ ಜಾಗ ನೋಡಿ ಕಟ್ಟಿದರು, ಕಾಲುದಾರಿಯನ್ನೇ ಅಲ್ಲಿಗೆ ತಿರುಗಿಸಿದರು. ಈ ಸಲ ನಡೆಯುವ ಬದಲಿ ದಾರಿಯನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಇಟ್ಟುಕೊಳ್ಳಿ. ನೀರು, ನೆರಳು, ಶೌಚಾಲಯ, ಉಳಿಯುವ ಶಾಲೆ ಎಲ್ಲಿದೆ ಅಂತ ಬರೆದಿಡಿ. ಹಿಂದೆ ಬರುವವರಿಗೆ ತಿರುವಿನಲ್ಲಿ ಸುಣ್ಣದಿಂದ ಬಾಣ ಹಾಕಿದರೆ ಸಾಕು. ಯಾರದೋ ಗೋಡೆಗೆ, ಗುಡಿಯ ಕಲ್ಲಿಗೆ ಪೇಂಟ್ ಬಳಿಯಬೇಡಿ.

ಹೊಲದ ದಾರಿಯನ್ನೇ ಆರಿಸಿಕೊಂಡರೆ ಒಂದು ಎಚ್ಚರ. ಹಂದಿ ಕಾಟಕ್ಕೆ ಕೆಲವರು ಬೆಳೆಯ ಸುತ್ತ ಕರೆಂಟಿನ ತಂತಿ ಎಳೆದಿರುತ್ತಾರೆ. ಲೈನಿನಿಂದ ನೇರ ಕರೆಂಟು ಕೊಡುವುದು ಕಾನೂನಿಗೆ ವಿರುದ್ಧ, ಆದರೂ ಎಳೆಯುತ್ತಾರೆ. ಗೋವಿನಜೋಳ, ಕಬ್ಬಿನ ಹೊಲದ ಬದುವಿನ ಮೇಲೆ ಕತ್ತಲಲ್ಲಿ ಕಾಲಿಡಬೇಡಿ. ಹಗಲಾದರೂ ಹೊಲದಲ್ಲಿ ಯಾರಾದರೂ ಇದ್ದರೆ ಕೇಳಿಯೇ ಹೋಗಿ. ‘ಈ ಕಡೆ ಹೋಗಬಹುದೇನ್ರಿ ಯಜಮಾನ್ರ?’ ಅಂದರೆ ದಾರಿಯೂ ಸಿಗುತ್ತದೆ, ನಾಲ್ಕು ಹಸಿ ಶೇಂಗಾವೂ ಸಿಗುತ್ತದೆ.

ಅರವತ್ತು ದಾಟಿದ ಇಬ್ಬರಿಗೆ ಈ ಹೊಸ ದಾರಿ ಹಳೆಯದಕ್ಕಿಂತ ವಾಸಿ. ಹೊಲದ ನಡುವೆ ಕಾಲು ಸೋತರೆ ಮುಂದಿನ ಊರಿನವರೆಗೆ ನಡೆಯಲೇಬೇಕು. ರಸ್ತೆಯಲ್ಲಿ ಎಲ್ಲಿ ಬೇಕಾದರೂ ನಿಂತು ಬಸ್ಸಿಗೆ ಕೈ ಮಾಡಬಹುದು. ಹಾವೇರಿಯಲ್ಲಿ ಆಸ್ಪತ್ರೆ, ಔಷಧಿ ಅಂಗಡಿ ಎಲ್ಲ ಇದೆ. ಅಲ್ಲಿಂದ ಕಾಗಿನೆಲೆಗೆ ನೇರ ರಸ್ತೆ. ಬಾಡದಿಂದ ಹೊರಡುವ ದಿನ ಅವರಿಬ್ಬರನ್ನೇ ಮುಂದೆ ಬಿಡಿ, ಉಳಿದವರು ಅವರ ವೇಗಕ್ಕೆ ನಡೆಯಿರಿ. ನಿಮ್ಮ ಜೊತೆ ಊಟದ ಗಾಡಿ ಇದ್ದರೆ ಅದು ಅವತ್ತು ಹಾವೇರಿಗೆ ಮೊದಲೇ ಹೋಗಿ ಕಾಯುವುದು ಬೇಡ, ಸೇತುವೆ ದಾಟಿದ ಮೇಲೆ ಸಿಗುವ ಮೊದಲ ನೆರಳಿನಲ್ಲಿ ನಿಂತಿರಲಿ.